ಕೆಂಪು ಹತ್ತು ರೂಪಾಯಿಯ ಕಟ್ಟು

ನಮ್ಮ ಸೇಠರು ನೋಟಿಗೆ ಇಸ್ತ್ರಿ ಹಾಕುತ್ತಿದ್ದರು. ಕರವಸ್ತ್ರದ ಮಡಿಕೆಯೊಳಗೆ ಒಮಾನಿನ ಹಳೆಯ ಸಯೀದಿ ರಿಯಾಲಿನ ನೋಟೊಂದನ್ನು ಮಲಗಿಸಿ, ಮೇಲೆ ನೀರು ಚಿಮುಕಿಸಿ, ಮದುವೆಗೆ ಹೊರಟವರ ಪಂಚೆಗೆ ಹಾಕಿದ ಹಾಗೆ ಒತ್ತಿ ಒತ್ತಿ ಹಾಕುತ್ತಿದ್ದರು. ನಾನು ಬಾಗಿಲಲ್ಲೇ ಕೂಗಿದೆ.

“ಸೇಠ್‌ಜೀ, ಬಿಡಿ ಅದನ್ನ! ಮೊನ್ನೆ ತಾನೇ ಹೇಳಿದ್ದೆ!”

“ಸುಕ್ಕು ಹೋದರೆ ಗಿರಾಕಿಗೆ ಖುಷಿ, ಬೆಹೆನ್‌ಜೀ.”

“ಸುಕ್ಕಿನ ಜೊತೆ ಬೆಲೆಯೂ ಹೋಗ್ತದೆ. ಇಡಿ ಕೆಳಗೆ.”

ಒಳ್ಳೆಯ ನೋಟಿನ ಮೇಲೆ ಶಾಯಿ ಸ್ವಲ್ಪ ಉಬ್ಬಿರುತ್ತದೆ, ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ಇಸ್ತ್ರಿ ಬಿದ್ದರೆ ಆ ಉಬ್ಬು ಸತ್ತು ಕಾಗದಕ್ಕೆ ಹೊಳಪು ಬರುತ್ತದೆ. ತಿಳಿದ ಸಂಗ್ರಾಹಕ ನೋಟನ್ನು ಬೆಳಕಿಗೆ ಓರೆ ಮಾಡಿ ನೋಡಿ, ಏನೂ ಹೇಳದೆ ಕೆಳಗಿಟ್ಟು ಹೋಗುತ್ತಾನೆ. ಇದನ್ನು ನಾನು ಸೇಠರಿಗೆ ಎಷ್ಟು ಸಲ ಹೇಳಿದ್ದೆನೋ! ಕೋಣನ ಮುಂದೆ ಕಿನ್ನರಿ. ಮಸ್ಕತ್ತಿನ ಮುತ್ರಾ ಸೂಕು ಎಂಬ ಹಳೆಯ ಮಾರುಕಟ್ಟೆಯ ಓಣಿಯೊಂದರಲ್ಲಿದ್ದ ಅವರ ಅಂಗಡಿಯಲ್ಲಿ ಬೆಳ್ಳಿ ಸಾಮಾನು, ಅಂಚೆಚೀಟಿ, ನಾಣ್ಯ, ಹಳೆಯ ನೋಟು ಎಲ್ಲ ಮಾರುತ್ತಿದ್ದರು. ಮದುವೆಗೆ ಮೊದಲು ನಾನು ಮಂಗಳೂರಿನ ಬ್ಯಾಂಕೊಂದರ ಕ್ಯಾಶಿನಲ್ಲಿದ್ದವಳು ಎಂಬ ಕಾರಣಕ್ಕೆ ನೋಟಿನ ಕಪಾಟನ್ನು ನನಗೆ ಒಪ್ಪಿಸಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು.

ಈ ಜಗಳದ ನಡುವೆಯೇ ಬರ್ಕಾದ ಕಾಕ ಒಳಗೆ ಬಂದದ್ದು. ಬಿಳಿ ಲುಂಗಿ, ತುಂಬು ತೋಳಿನ ಅಂಗಿ, ಕೈಯಲ್ಲೊಂದು ಲಕೋಟೆ. ನಮ್ಮ ಉಳ್ಳಾಲದ ಕಡೆಯ ಬ್ಯಾರಿ. ಮಸ್ಕತ್ತಿನಾಚೆಯ ಕಡಲೂರು ಬರ್ಕಾದ ಮಾರುಕಟ್ಟೆಯಲ್ಲಿ ಹಗ್ಗ, ಪಾತ್ರೆ, ಬಲೆಯ ನೂಲು ಮಾರುವ ಚಿಕ್ಕ ಅಂಗಡಿ ಅವರದು. ನಾವಿಬ್ಬರೂ ಮಾತಾಡಿದ್ದು ಹೆಚ್ಚಾಗಿ ತುಳುವಿನಲ್ಲಿ.

“ಅಕ್ಕ, ನೀವು ಬ್ಯಾಂಕಿನವರಂತೆ. ಇದು ಒರಿಜಿನಲ್ಲಾ ಡುಪ್ಲಿಕೇಟಾ, ಒಂದು ಮಾತು ಹೇಳಿ. ಡುಪ್ಲಿಕೇಟ್ ಅಂದ್ರೆ ನನ್ನ ಕತೆ ಖಲಾಸ್.”

ಲಕೋಟೆಯಿಂದ ಹೊರಬಂದದ್ದು ಭಾರತದ ಹತ್ತು ರೂಪಾಯಿಯ ಕೆಲವು ನೋಟುಗಳು. ನಾನು ಮಂಗಳೂರಿನಲ್ಲಿ ಎಣಿಸಿದ ಈ ಮಾದರಿಯ ಹಳೆಯ ನೋಟುಗಳೆಲ್ಲ ನೇರಳೆ ಬಣ್ಣದವು. ಇವು ಕೆಂಪು. ಹಪ್ಪಳದಂತೆ ಗರಿಗರಿ. ಎಡಬದಿಯಲ್ಲಿ ಮಾತ್ರ ಪ್ರತಿಯೊಂದರಲ್ಲೂ ಕಂದು ಕಲೆ ಸುತ್ತಿದ ಎರಡು ತೂತು, ತೂತಿನಿಂದ ಅಂಚಿನ ಕಡೆಗೆ ಹರಿದ ಗುರುತು.

ಕಾಕ ಕುರ್ಚಿಯ ತುದಿಯಲ್ಲಿ ಕೂತು ನಡೆದದ್ದನ್ನು ಹೇಳಿದರು. ತೈಲ ಕಂಪನಿಯ ಒಬ್ಬ ಬಿಳಿಯ ಇಂಜಿನಿಯರು ರಜೆಯ ದಿನ ಬರ್ಕಾಕ್ಕೆ ಬಂದು ಹಳೆಯ ದುಡ್ಡು ಇದೆಯಾ ಎಂದು ಕೇಳಿದ. ಇವರು ತಮ್ಮಲ್ಲಿದ್ದ ಕಟ್ಟಿನಿಂದ ಕೆಲವು ನೋಟು ತೆಗೆದು ಮಾರಿದರು. ಅವನು ಆಫೀಸಿನಲ್ಲಿ ತೋರಿಸಿದ. ಅಲ್ಲಿನ ಅಕೌಂಟೆಂಟ್ ಭಾರತದವನೇ. “ನಮ್ಮಲ್ಲಿ ಕೆಂಪು ಹತ್ತು ರೂಪಾಯಿ ಅಂತ ಇಲ್ಲವೇ ಇಲ್ಲ, ನಕಲಿ” ಎಂದುಬಿಟ್ಟ. ಇಬ್ಬರೂ ಬಂದು, ಇಳಿಹೊತ್ತಿನ ಅಸರ್ ನಮಾಜು ಮುಗಿದು ಸೂಕು ತುಂಬಿದ್ದ ಹೊತ್ತಿನಲ್ಲಿ, ನೋಟುಗಳನ್ನು ಕಾಕನ ಗಲ್ಲೆಯ ಮೇಲೆ ಎಸೆದರು.

“ನಾನು ಮರ್ಯಾದೆಗೆ ಅಂಜಿ ಆಗಲೇ ದುಡ್ಡು ವಾಪಸ್ ಕೊಟ್ಟೆ ಅಕ್ಕ. ಅದೇ ತಪ್ಪಾಯ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು.”

ಕಾಕನ ವೀಸಾ, ಅಂಗಡಿ ಎರಡಕ್ಕೂ ಹೊಣೆಯಾಗಿದ್ದ ಅಲ್ಲಿನ ಹಳೆಯ ಕಫೀಲ್ ತೀರಿಹೋಗಿ, ಮಗ ಕಫೀಲ್ ಆಗಿದ್ದ. ಹುಡುಗುಬುದ್ಧಿಯ, ಬಿಸಿರಕ್ತದ ಮನುಷ್ಯ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಕಾಕನನ್ನು ಹರಾಮಿ, ಕಳ್ಳ ಎಂದ. ಬೀಗ ಹಾಕಿಸಿದ, ಪಾಸ್‌ಪೋರ್ಟ್ ಇಟ್ಟುಕೊಂಡ. ಬರುವ ಶುಕ್ರವಾರದೊಳಗೆ ನೋಟು ಅಸಲಿ ಎಂದು ತೋರಿಸದಿದ್ದರೆ ವೀಸಾ ರದ್ದು ಮಾಡಿ ವಿಮಾನ ಹತ್ತಿಸುತ್ತೇನೆ ಎಂದ.

“ಹೋಗುವುದಕ್ಕೆ ಬೇಜಾರಿಲ್ಲ ಅಕ್ಕ. ಒಂದು ದಿನ ಹೋಗ್ಲೇಬೇಕು. ಕಳ್ಳ ಅಂತ ಹೆಸರು ಹೊತ್ತು ಹೋಗುವುದುಂಟಲ್ಲ, ಅದು ನನ್ನಿಂದಾಗ್ಲಿಕ್ಕಿಲ್ಲ.” ನನಗೆ ಮೈಯೆಲ್ಲ ಉರಿಯಿತು. ನೋಟು ನೋಡುವ ಮೊದಲೇ ನಾನು ಅವರ ಪಕ್ಷ ವಹಿಸಿಯಾಗಿತ್ತು. ಆದರೆ ಸಿಟ್ಟಿನಿಂದ ನೋಟು ಅಸಲಿಯಾಗುವುದಿಲ್ಲವಲ್ಲ.

ಕೆಲಸ ಶುರುಮಾಡಿದೆ. ಕೊಳವೆ ದೀಪ ಆರಿಸಿ, ನೋಟನ್ನು ಓಣಿಯ ಹಗಲು ಬೆಳಕಿಗೆ ಹಿಡಿದೆ. ಬಿಳಿಯ ಜಾಗದಲ್ಲಿ ಅಶೋಕನ ಸಿಂಹಗಳು ಮೂಡಿದವು. ಭದ್ರತಾ ದಾರ ಕಾಗದದ ಒಳಗೇ ಇತ್ತು, ಮೇಲೆ ಎಳೆದ ಗೆರೆಯಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದೆ, ಶಾಯಿಯ ಉಬ್ಬು ಸಿಕ್ಕಿತು. ಕಪಾಟಿನಲ್ಲಿದ್ದ ನೇರಳೆ ಹತ್ತು ರೂಪಾಯಿಯನ್ನು ತೆಗೆದು ಗಾಜಿನ ಮೇಲೆ ಒಂದರ ಮೇಲೊಂದು ಇಟ್ಟು ಭೂತಗನ್ನಡಿ ಹಿಡಿದೆ. ಹಿಂಬದಿಯ ಹಾಯಿ ಹಡಗು, ಹಗ್ಗದ ಎಳೆ, ಭಾಷೆಗಳ ಸಾಲಿನಲ್ಲಿ ನಮ್ಮ ಕನ್ನಡದ ಅಕ್ಷರ, ಎಲ್ಲವೂ ಗೆರೆಗೆ ಗೆರೆ ಕೂತವು. ಬೇರೆಯಾಗಿದ್ದದ್ದು ಎರಡೇ: ಬಣ್ಣ, ಮತ್ತೆ ಸಂಖ್ಯೆಯ ಮುಂದಿದ್ದ ಝಡ್ ಅಕ್ಷರ.

ಅದರ ಕಾರಣ ಸೇಠರ ಕ್ಯಾಟಲಾಗಿನಲ್ಲಿ ಸಿಕ್ಕಿತು. ಒಮಾನಿನಲ್ಲಿ, ಕೊಲ್ಲಿಯ ಬೇರೆ ಊರುಗಳಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತು. ಚಿನ್ನದ ಕಳ್ಳಸಾಗಣೆಯಲ್ಲಿ ರೂಪಾಯಿ ಸೋರಿಹೋಗುತ್ತದೆಂದು ನಮ್ಮ ಸರ್ಕಾರ ಕೊಲ್ಲಿಗಾಗಿಯೇ ಬೇರೆ ಬಣ್ಣದ ನೋಟು ಅಚ್ಚುಹಾಕಿಸಿತು. ಅದು ಇಲ್ಲಿ ಮಾತ್ರ ನಡೆಯಬೇಕು, ಭಾರತದಲ್ಲಿ ನಡೆಯಕೂಡದು. ಹಾಗಾಗಿ ಊರಿನಲ್ಲಿದ್ದ ಯಾವ ಕ್ಯಾಶಿಯರೂ ಅದನ್ನು ಕಾಣಲಿಲ್ಲ. ಆ ಅಕೌಂಟೆಂಟ್ ಸುಳ್ಳು ಹೇಳಿರಲಿಲ್ಲ. ತಾನು ಕಾಣದ್ದು ಇಲ್ಲವೇ ಇಲ್ಲ ಎಂದು ತಿಳಿದಿದ್ದ, ಅಷ್ಟೆ. ನಮ್ಮ ದೇಶದ ನೋಟನ್ನು ನಮ್ಮವರೇ ನಕಲಿ ಎಂದು ಸಾರಿದ್ದರು!

ಕ್ಯಾಟಲಾಗಿನ ಆ ಪುಟವನ್ನು ಹಿಡಿದು ಕಾಕ ಸಂತೋಷದಿಂದ ಬರ್ಕಾಕ್ಕೆ ಓಡಿದರು. ಮರುದಿನವೇ ಜೋಲು ಮುಖ ಹಾಕಿಕೊಂಡು ವಾಪಸು ಬಂದರು.

“ಕೆಂಪು ನೋಟು ಇತ್ತು ಅಂತ ಕಫೀಲನಿಗೂ ಗೊತ್ತುಂಟಂತೆ ಅಕ್ಕ. ಅಲ್ಲಿನ ಹಿರಿಯರೆಲ್ಲ ಬಳಸಿದವರೇ. ಆದ್ರೆ ಅವರು ಕಂಡದ್ದೆಲ್ಲ ಕೊಳೆ ಹಿಡಿದ ನೋಟು. ಇಷ್ಟು ಹೊಸದು ಎಲ್ಲಿಂದ ಬಂತು, ಯಾರೋ ಈಗ ಪ್ರಿಂಟ್ ಹಾಕಿದ್ದು ಅಂತ ಹೇಳ್ತಾನೆ. ಮತ್ತೆ ಈ ತೂತು. ಹೊಸ ನೋಟಿಗೆ ಯಾರಾದ್ರೂ ತೂತು ಮಾಡ್ತಾರಾ, ಯಾವುದೋ ಫೈಲಿಂದ ಕಿತ್ತ ಕಾಗದ ಇದು ಅಂತ ನಗಾಡ್ತಾನೆ.”

“ಹೊಸದು ಎಲ್ಲಿಂದ ಬಂತು ನಿಮಗೆ?” ನಾನೂ ಕೇಳಿದೆ.

ಪೆರ್ನಾಲ್ ಹಬ್ಬಕ್ಕೆ ಮಕ್ಕಳ ಕೈಗೆ ಹೊಸ ನೋಟು ಕೊಡುವುದು ಅವರ ರೂಢಿ. ಅದಕ್ಕೆಂದೇ, ಒಮಾನಿನಲ್ಲಿ ಇನ್ನೂ ರೂಪಾಯಿ ನಡೆಯುತ್ತಿದ್ದ ಕಾಲದಲ್ಲಿ, ಇಲ್ಲಿನ ಬ್ಯಾಂಕಿನಿಂದ ಮುರಿಯದ ಕಟ್ಟೊಂದನ್ನು ತಂದಿಟ್ಟಿದ್ದರು. ಅಷ್ಟರಲ್ಲಿ ತಾಯಿಗೆ ಕಾಯಿಲೆಯೆಂದು ಊರಿಗೆ ಹೋದರು, ಕಟ್ಟು ಪೆಟ್ಟಿಗೆಯ ತಳದಲ್ಲಿ ಜೊತೆಗೇ ಹೋಯಿತು. ಅವರು ಊರಿನಲ್ಲಿದ್ದಾಗ ಇಲ್ಲಿ ರಿಯಾಲು ಬಂತು, ರೂಪಾಯಿ ಬದಲಾಯಿಸುವ ಗಡುವು ಮುಗಿಯಿತು. ಊರಿನ ಬ್ಯಾಂಕಿಗೆ ಒಯ್ದರೆ ಇದು ಇಲ್ಲಿ ನಡೆಯುವುದಲ್ಲ ಎಂದು ಹಿಂದಕ್ಕೆ ತಳ್ಳಿದರು. ಎಸೆಯಲು ಮನಸ್ಸಾಗದೆ ಮತ್ತೆ ಪೆಟ್ಟಿಗೆಯಲ್ಲೇ ಬರ್ಕಾಕ್ಕೆ ತಂದರು.

“ಆ ಕಟ್ಟು ಈಗೆಲ್ಲುಂಟು?”

“ರೂಮಲ್ಲುಂಟು.”

“ಮಾರಾಯ್ರೇ, ಅದನ್ನು ಮೊದಲು ತರುವುದಲ್ವಾ!”

ಕಟ್ಟು ಬಂತು. ಹಳೆಯ ಬನಿಯನ್ನಿನ ಬಟ್ಟೆಯಲ್ಲಿ ಸುತ್ತಿದ್ದರು. ಬಿಚ್ಚಿದ ಕೂಡಲೇ ನನ್ನ ಬೆರಳ ತುದಿಗಳೇ ಅದನ್ನು ಗುರುತಿಸಿದವು. ಎಡಬದಿಯಲ್ಲಿ, ಸಿಂಹದ ನೀರುಗುರುತಿನ ಜಾಗದಲ್ಲಿ, ದಪ್ಪ ತಂತಿಯ ಪಿನ್ ಹೊಡೆದಿತ್ತು. ಈ ಕಟ್ಟೂ ಭಾರತದಿಂದಲೇ ಇಲ್ಲಿಗೆ ಬಂದದ್ದು; ನಮ್ಮ ದೇಶದ ಬ್ಯಾಂಕಿನವರು ಹೊಸ ನೋಟಿನ ಕಟ್ಟಿಗೆ ಪಿನ್ ಹೊಡೆಯದೆ ಬಿಟ್ಟವರಲ್ಲ. ಆ ಪಿನ್ ಕಿತ್ತು ಕಿತ್ತು ನನ್ನ ಉಗುರುಗಳು ಒಂದು ಕಾಲಕ್ಕೆ ಮೊಂಡಾಗಿದ್ದವು. ಒಮಾನಿನಲ್ಲಿ ಹಾಗಲ್ಲ, ಇಲ್ಲಿ ಕಟ್ಟಿಗೆ ಕಾಗದದ ಪಟ್ಟಿ ಸುತ್ತುತ್ತಾರೆ, ಅಷ್ಟೆ. ಬರ್ಕಾದವರಿಗೆ ನೋಟಿನ ಬಣ್ಣ ಗೊತ್ತು, ತೂತು ಗೊತ್ತಿಲ್ಲ. ನಮ್ಮ ಅಕೌಂಟೆಂಟಿಗೆ ತೂತು ಗೊತ್ತು, ಬಣ್ಣ ಗೊತ್ತಿಲ್ಲ. ಇಬ್ಬರೂ ತಮ್ಮ ತಮ್ಮ ಅರ್ಧ ಹಿಡಿದುಕೊಂಡು ಒಬ್ಬ ಮನುಷ್ಯನನ್ನು ಕಳ್ಳನನ್ನಾಗಿ ಮಾಡಿದ್ದರು.

“ಕಾಕ, ಇಂಜಿನಿಯರಿಗೆ ಕೊಟ್ಟ ನೋಟು ಹೇಗೆ ತೆಗೆದ್ರಿ? ಪಿನ್ ಬಿಚ್ಚದೆ?”

“ನಾವೆಲ್ಲ ತೆಗೆಯುವ ಹಾಗೆಯೇ ಅಕ್ಕ. ಮೇಲಿಂದ ಹಿಡಿದು ಎಳೆದೆ.”

“ಅಯ್ಯೋ ದೇವರೇ! ಎಳೆದ್ರಾ!” ನಾನು ಹಣೆ ಬಡಿದುಕೊಂಡೆ. ಊರಿನಲ್ಲಿ ನಾವೆಲ್ಲ ಮಾಡುವುದು ಹಾಗೆಯೇ. ಆದರೆ ಸಂಗ್ರಹದ ನೋಟಿಗೆ ಪಿನ್ನಿನ ತೂತು ಬೇರೆ, ಎಳೆದು ಹರಿದ ತೂತು ಬೇರೆ. ಮೊದಲನೆಯದು ಬ್ಯಾಂಕಿನಿಂದಲೇ ಬಂದದ್ದು, ಅದಕ್ಕೆ ಬೆಲೆ ಕಡಿಮೆ ಮಾಡುವಂತಿಲ್ಲ. ಎರಡನೆಯದು ಗಾಯ. ಕಾಕ ಎಳೆದು ಹರಿದಿದ್ದಕ್ಕೇ ಕಫೀಲನಿಗೆ ಅದು ಫೈಲಿನ ಕಾಗದದ ಹಾಗೆ ಕಂಡದ್ದು.

ಉಳಿದ ಕಟ್ಟನ್ನು ಪಕ್ಕದಿಂದ ನೋಡಿದೆ. ಬರ್ಕಾದ ಕಡಲ ಗಾಳಿಗೆ ಪಿನ್ ತುಕ್ಕು ಹಿಡಿದಿತ್ತು. ತುಕ್ಕು ನೋಟಿನಿಂದ ನೋಟಿಗೆ ಇಳಿದಿತ್ತು. ಕಿತ್ತ ನೋಟುಗಳಲ್ಲಿ ಕೊನೆಯದನ್ನು ಕಟ್ಟಿನ ಮೇಲಿಟ್ಟಾಗ ಕಲೆಗೆ ಕಲೆ ಕೂತಿತು, ಸಂಖ್ಯೆಯೂ ಮುಂದುವರಿಯಿತು. ನಿನ್ನೆ ಅಚ್ಚುಹಾಕಿದ ಕಾಗದದಲ್ಲಿ ಇಂಥ ತುಕ್ಕು ಇಳಿಯಲು ಸಾಧ್ಯವೇ ಇಲ್ಲ.

ಇಷ್ಟನ್ನೂ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಲು ಹೊರಟಾಗ ಸೇಠರು ಲೆಟರ್‌ಹೆಡ್ಡಿನ ಪುಸ್ತಕವನ್ನೇ ಡ್ರಾಯರಿಗೆ ಹಾಕಿ ಬೀಗ ಹಾಕಿದರು.

“ಕಫೀಲನ ಜಗಳ, ಬೆಹೆನ್‌ಜೀ. ನಮ್ಮ ಲೈಸೆನ್ಸ್ ಉಂಟು, ನಿಮ್ಮ ವೀಸಾ ಉಂಟು. ‘ಹೇಳಲಾಗದು’ ಅಂತ ಬರೆಯಿರಿ, ಮುಗೀತು.”

“ಹೇಳಲಿಕ್ಕೆ ಆಗ್ತದೆ ಸೇಠ್‌ಜೀ. ಆಗುವುದನ್ನು ಆಗುವುದಿಲ್ಲ ಅಂತ ನಾನು ಬರೆಯುವುದಿಲ್ಲ.”

“ಹಾಗಾದರೆ ಅಂಗಡಿಯ ಹೆಸರು ಬೇಡ.”

“ಬೇಡ ಬಿಡಿ. ನನ್ನ ಹೆಸರು ಉಂಟಲ್ಲ.”

ಸೀಬ್ ಎಂಬ ಊರಿನಲ್ಲಿದ್ದ ನಮ್ಮ ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವರೂ ಅದೇ ರಾಗ ತೆಗೆದರು. “ಊರ ಉಸಾಬರಿ ನಮಗ್ಯಾಕೆ ಮಾರಾಯ್ತಿ? ಗಂಡಸರ ಮಜ್ಲಿಸಿನಲ್ಲಿ ಹೋಗಿ ಕೂರ್ತಿಯಾ?” ನಾನು ಪಾತ್ರೆ ತೊಳೆಯುತ್ತಲೇ ಹೇಳಿದೆ: “ಕೂರ್ತೇನೆ. ನೀವು ಕಾರು ಬಿಡದಿದ್ರೆ ಶೇರ್ ಟ್ಯಾಕ್ಸಿ ಹತ್ತಿ ಹೋಗ್ತೇನೆ.” ಶುಕ್ರವಾರ ಅವರೇ ಕಾರು ತೆಗೆದರು. ಬರ್ಕಾದಲ್ಲಿ ನನ್ನ ಜೊತೆಗೇ ಒಳಗೆ ಬಂದು ಕೂತರು.

ಕಫೀಲನ ಮನೆಯ ಮಜ್ಲಿಸಿನಲ್ಲಿ, ಗಂಡಸರು ಕೂರುವ ಹೊರಕೋಣೆಯಲ್ಲಿ, ಕಂಬಳಿ ಹಾಸಿತ್ತು. ಅವನು ದಿಂಬಿಗೆ ಒರಗಿದ್ದ, ಎದುರಿಗೆ ಅಕೌಂಟೆಂಟ್. ಇಂಜಿನಿಯರು ಬಂದಿರಲಿಲ್ಲ. ಕಾಕ ಬಾಗಿಲ ಬಳಿ ನಿಂತೇ ಇದ್ದರು. ಒಳಬಾಗಿಲಿನಲ್ಲಿ ಕಫೀಲನ ತಾಯಿ ಖಾವಾ ಕಾಫಿಯ ಕೆಟಲು ಹಿಡಿದು ಕೂತು ನೋಡುತ್ತಿದ್ದರು. ಮಾತು ಹಿಂದಿಯಲ್ಲಿ, ನಡುನಡುವೆ ಅರಬಿಯಲ್ಲಿ.

ನಾನು ಹೇಳಬೇಕಾದ್ದೆಲ್ಲ ಹೇಳಿದೆ. ಕಫೀಲ್ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದ.

“ಮೇಲಿನದು ಅಸಲಿ ಇಟ್ಟು ಒಳಗೆ ನಕಲಿ ತುಂಬುವ ಆಟ ನನಗೆ ಗೊತ್ತು. ಪಿನ್ ಕಿತ್ತು ಎಲ್ಲ ತೋರಿಸಿ.”

ನಾನು ಕಾಕನನ್ನು ಪಕ್ಕಕ್ಕೆ ಕರೆದು ತುಳುವಿನಲ್ಲಿ ಹೇಳಿದೆ: “ಕಾಕ, ಬ್ಯಾಂಕಿನ ಪಿನ್ ಇರುವ ಕಟ್ಟು ಈಗ ಎಲ್ಲಿಯೂ ಸಿಗುವುದಿಲ್ಲ. ಹೀಗೆಯೇ ಇದ್ರೆ ಒಳ್ಳೆ ಬೆಲೆ ಉಂಟು. ಬಿಚ್ಚಿದ್ರೆ ಬಿಡಿ ನೋಟಿನ ಬೆಲೆ ಮಾತ್ರ. ಮತ್ತೆ ಮೊದಲಿನಂತೆ ಮಾಡ್ಲಿಕ್ಕೆ ಬರುವುದಿಲ್ಲ. ಯೋಚನೆ ಮಾಡಿ.”

ಕಾಕ ಯೋಚನೆಯನ್ನೇ ಮಾಡಲಿಲ್ಲ. “ಬೆಲೆ ಕಟ್ಟಿಕೊಂಡು ನಾನೆಂತ ಮಾಡ್ಲಿ ಅಕ್ಕ? ಬಿಚ್ಚಿ.”

ಚೀಲದಿಂದ ತೆಳ್ಳಗಿನ ಚೂರಿ ತೆಗೆದೆ. ಕಟ್ಟನ್ನು ಬೋರಲು ಹಾಕಿ, ಪಿನ್ನಿನ ಮಡಿಸಿದ ಕಾಲುಗಳ ಅಡಿಗೆ ಚೂರಿಯ ತುದಿ ತೂರಿಸಿ, ಕಾಗದಕ್ಕೆ ತಾಗದ ಹಾಗೆ ಒಂದೊಂದೇ ಕಾಲನ್ನು ನೆಟ್ಟಗೆ ಮಾಡಿದೆ. ತುಕ್ಕು ಹಿಡಿದ ಒಂದು ಕಾಲು ಮುರಿಯಿತು. ತಿರುಗಿಸಿ, ಎದುರಿನಿಂದ ನಿಧಾನಕ್ಕೆ ಮೇಲೆತ್ತಿದೆ. ಎಳೆಯಲಿಲ್ಲ. ಬೆವರು ನೋಟಿನ ಮೇಲೆ ಬೀಳದಂತೆ ಸೆರಗಿನಿಂದ ಹಣೆ ಒರೆಸಿಕೊಂಡೆ. ಪಿನ್ ಕಂಬಳಿಯ ಮೇಲೆ ಬಿತ್ತು.

ಅದನ್ನು ಮೊದಲು ಎತ್ತಿಕೊಂಡದ್ದು ಅಕೌಂಟೆಂಟ್. ಬೆರಳುಗಳ ನಡುವೆ ತಿರುಗಿಸಿ ನೋಡಿದ. “ಅರೇ,” ಎಂದ, ಮೆಲ್ಲಗೆ. “ಇದು ನಮ್ಮ ಬ್ಯಾಂಕಿನ ಪಿನ್. ನಮ್ಮಪ್ಪ ಸಂಬಳದ ದಿನ ಇದನ್ನೇ ಹಲ್ಲಿನಿಂದ ಕೀಳ್ತಿದ್ದರು.” ತೂತಿನ ಮೇಲೆ ಬೆರಳಾಡಿಸಿದ. ಅವನ ಮುಖ ಸಣ್ಣದಾಯಿತು.

“ಬಣ್ಣ? ಹಳೆಯ ನೋಟಿನ ಕೆಂಪು ಇದೇ ಅಂತ ಏನು ಗ್ಯಾರಂಟಿ?” ಎಂದ ಕಫೀಲ್, ಇನ್ನೂ ಬಿಡದೆ.

ಒಳಬಾಗಿಲಿನಿಂದ ಅವನ ತಾಯಿ ಎದ್ದು ಬಂದರು. ನೋಟೊಂದನ್ನು ಕೇಳಿ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಅರಬಿಯಲ್ಲಿ ಅವರು ಮಗನಿಗೆ ಹೇಳಿದ್ದನ್ನು ಕಾಕ ನನಗೆ ತುಳುವಿನಲ್ಲಿ ಹೇಳಿದರು: “ನಿನ್ನಪ್ಪ ಮೀನು ಮಾರಿ ತಂದದ್ದು ಇದನ್ನೇ. ಬಣ್ಣವನ್ನು ನನ್ನ ಹತ್ತಿರ ಕೇಳಬೇಕಿತ್ತು, ಆಫೀಸಿನವರ ಹತ್ತಿರ ಅಲ್ಲ.”

ಆದರೂ ನಾನು ಕಫೀಲನನ್ನು ಬಿಡಲಿಲ್ಲ. “ನಡುವಿನಿಂದ ಯಾವುದು ಬೇಕೋ ನೀವೇ ತೆಗೆಯಿರಿ. ಬೆಳಕಿಗೆ ಹಿಡಿಯಿರಿ,” ಎಂದೆ. ಒಂದು ತೆಗೆದ, ಇನ್ನೊಂದು ತೆಗೆದ. ಸಿಂಹಗಳು ಮೂಡಿದವು. ತುಕ್ಕಿನ ಕಲೆ ಮೇಲೆ ದಪ್ಪವಾಗಿ, ನಡುವಿಗೆ ಬಂದಂತೆ ತೆಳುವಾಗಿ, ಅಡಿಗೆ ಹೋದಂತೆ ಮತ್ತೆ ದಪ್ಪವಾಗಿ ಇಳಿದಿತ್ತು. ಸಂಖ್ಯೆಗಳು ಒಂದೂ ತಪ್ಪದೆ ಸಾಲಾಗಿ ಬಂದವು.

ಅಲ್ಲೇ ಕೂತು ಬಿಳಿ ಹಾಳೆಯ ಮೇಲೆ ಬರೆದೆ: ಎಲ್ಲವೂ ಅಸಲಿ, ಪಿನ್ನಿನ ತೂತು ಬ್ಯಾಂಕಿನದು, ಅದಕ್ಕೆ ಬೆಲೆ ಕಡಿತವಿಲ್ಲ, ಎಳೆದು ಹರಿದವುಗಳಿಗೆ ಮಾತ್ರ ಕಡಿಮೆ ಬೆಲೆ. ಕೆಳಗೆ ನನ್ನ ಪೂರ್ತಿ ಹೆಸರು, ಸಹಿ. ಅಂಗಡಿಯ ಮುದ್ರೆ ಇಲ್ಲ.

“ಒಟ್ಟು ಎಷ್ಟು ರಿಯಾಲು ಆಗ್ತದೆ?” ಕಫೀಲನ ಕುತೂಹಲ ಈಗ ಎದ್ದಿತ್ತು.

“ಅದನ್ನು ಕೇಳಬೇಕಾದವರು ಬಾಗಿಲ ಹತ್ತಿರ ನಿಂತಿದ್ದಾರೆ. ಅವರಿಗೆ ಹೇಳ್ತೇನೆ,” ಎಂದೆ. ಪಕ್ಕದಲ್ಲಿ ನನ್ನ ಗಂಡ ಕೆಮ್ಮಿದರು.

ಅಕೌಂಟೆಂಟ್ ಎದ್ದು ಕಾಕನ ಕೈ ಹಿಡಿದು, ತಪ್ಪಾಯಿತು ಭಾಯಿಸಾಬ್ ಎಂದ. ಇಂಜಿನಿಯರಿಗೂ ತಾನೇ ಹೇಳುತ್ತೇನೆ ಎಂದ. ಕಾಕ ತಲೆಯಾಡಿಸಿದರು. ಕಫೀಲ್ ಕಿಸೆಯಿಂದ ಪಾಸ್‌ಪೋರ್ಟ್ ತೆಗೆದು ಚಾಚಿದ. “ತಕೋ. ಖಲಾಸ್. ನಾಳೆ ಅಂಗಡಿ ತೆಗಿ.”

ಕಾಕ ಕೈ ಚಾಚಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅಷ್ಟು ದಿನ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ ಮನುಷ್ಯ ನೆಟ್ಟಗೆ ನಿಂತು ಅರಬಿಯಲ್ಲಿ, ನನಗೂ ಅರ್ಥವಾಗುವಷ್ಟು ನಿಧಾನವಾಗಿ, ಹೇಳಿದರು:

“ಖಲಾಸ್ ಅಂತ ನೀವು ಹೇಳುವುದಲ್ಲ, ನಾನು ಹೇಳಬೇಕು. ಕಳ್ಳ ಅಂತ ನೀವು ಕರೆದದ್ದು ಈ ಕೋಣೆಯಲ್ಲಲ್ಲ. ಸೂಕಿನಲ್ಲಿ, ನನ್ನ ಅಂಗಡಿಯ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೆ. ಪಾಸ್‌ಪೋರ್ಟ್ ನಾನು ಅಲ್ಲಿ ತಗೊಳ್ತೇನೆ.”

ಗೆದ್ದದ್ದೂ ಹೋಯಿತಲ್ಲ ಎಂದುಕೊಂಡೆ. ಕಫೀಲನ ಮುಖ ಕೆಂಪೇರಿತು, ಎದ್ದು ನಿಂತ. ಆಗ ಅವನ ತಾಯಿ ಕೆಟಲನ್ನು ಕೆಳಗಿಟ್ಟು, ಬಾಗಿಲ ಕಡೆ ಕೈ ತೋರಿಸಿ, ನಡಿ ಎನ್ನುವ ಒಂದೇ ಮಾತು ಹೇಳಿದರು: “ಯಲ್ಲಾ.”

ಅಸರ್ ಮುಗಿದು ಜನ ಸೂಕಿಗೆ ಬರುತ್ತಿದ್ದರು. ಕಾಕನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಆ ಯುವಕ, ಮೊದಲು ತೊದಲಿ, ಆಮೇಲೆ ಗಂಟಲು ಸರಿಪಡಿಸಿಕೊಂಡು, ದೊಡ್ಡ ದನಿಯಲ್ಲಿ ಹೇಳಿದ: ನೋಟು ಅಸಲಿ, ಈ ಮನುಷ್ಯ ಪ್ರಾಮಾಣಿಕ, ನಾನು ಆಡಿದ ಮಾತು ತಪ್ಪು. ಮೀನು ಮಾರುವವರು ಬುಟ್ಟಿ ಇಳಿಸಿ ಕೇಳಿದರು. ಎದುರಿನ ದರ್ಜಿ ಮೆಷಿನ್ ನಿಲ್ಲಿಸಿದ. ಹೇಳಿ ಮುಗಿಸಿ ಅವನು ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಕೊಟ್ಟ, ಬೀಗದ ಕೈ ಕೊಟ್ಟ. ಕಾಕ ಎರಡನ್ನೂ ತೆಗೆದುಕೊಂಡರು.

ನನಗೆ ಅಳು ಬಂದಿತ್ತು, ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಕಾಕ ಅಳಲಿಲ್ಲ, ನಗಲೂ ಇಲ್ಲ. ಪಾಸ್‌ಪೋರ್ಟನ್ನು ಅಂಗಿಯ ಕಿಸೆಗೆ ಹಾಕಿ, ಬೀಗ ತೆಗೆದು, ಶಟರನ್ನು ಮೇಲಕ್ಕೆ ದೂಡಿದರು. ಗಲ್ಲೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಆಮೇಲೆ ನಿಂತು ನೋಡುತ್ತಿದ್ದ ಜನರ ಕಡೆ ತಿರುಗಿ, ದಿನಾ ಕೇಳುವ ದನಿಯಲ್ಲೇ ಕೇಳಿದರು:

“ಸರಿ. ಯಾರಿಗೆ ಹಗ್ಗ ಬೇಕು?”